ಹೆಸರು ತಿಳಿದರೆ ಹೆದರಿಕೆಯಿಲ್ಲ



ಕನ್ನಡ ಮಾಧ್ಯಮದಲ್ಲಿ ಓದುವ ಮಕ್ಕಳನ್ನು ಯಾವ ವಿಷಯ ಕಷ್ಟವೆಂದು ಕೇಳಿದರೆ ಹೆಚ್ಚಿನವರು ಎರಡು ಹೆಸರು ಹೇಳುತ್ತಾರೆ: ಗಣಿತ ಮತ್ತು ಇಂಗ್ಲಿಷ್. ಇಂಗ್ಲಿಷಿನಲ್ಲಿ ಯಾವುದು ಕಷ್ಟವೆಂದು ಮತ್ತೆ ಕೇಳಿದರೆ 'ಗ್ರಾಮರ್' ಎನ್ನುತ್ತಾರೆ. ಗ್ರಾಮರಿನಲ್ಲಿ ಏನೆಂದು ಇನ್ನೂ ಕೆದಕಿದರೆ ಒಂದು ಪಟ್ಟಿಯನ್ನೇ ಒಪ್ಪಿಸುತ್ತಾರೆ: ನೌನ್, ಪ್ರೊನೌನ್, ಪ್ರೆಪೊಸಿಷನ್, ಪ್ರೆಸೆಂಟ್ ಪರ್ಫೆಕ್ಟ್, ಪ್ಯಾಸಿವ್ ವಾಯ್ಸ್, ಸಿಮಿಲಿ, ಮೆಟಫರ್. ಅವರ ಬಾಯಲ್ಲಿ ಈ ಪದಗಳು ರೋಗಗಳ ಹೆಸರಿನಂತೆ ಕೇಳಿಸುತ್ತವೆ.

ಕಳೆದ ಇಪ್ಪತ್ತೈದು ವರ್ಷಗಳಲ್ಲಿ ನಾನು ಸೇವೆ ಸಲ್ಲಿಸಿದ ಧರ್ಮಕೇಂದ್ರಗಳಲ್ಲಿ ಸಂಜೆಯ ಹೊತ್ತು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುವ ರೂಢಿಯನ್ನು ಇಟ್ಟುಕೊಂಡು ಬಂದಿದ್ದೇನೆ. ದೊಡ್ಡ ಶಾಲೆಯೇನೂ ಅಲ್ಲ. ದೇವಾಲಯದ ಪಕ್ಕದ ಸಭಾಂಗಣ, ಒಂದು ಕರಿಹಲಗೆ, ನೆಲದ ಮೇಲೆ ಚಾಪೆ. ಅಲ್ಲಿಗೆ ಬರುವ ಮಕ್ಕಳನ್ನೂ ಅವರನ್ನು ಕರೆದುಕೊಂಡು ಹೋಗಲು ಬಂದು ಬಾಗಿಲಲ್ಲಿ ನಿಲ್ಲುವ ತಂದೆತಾಯಿಯರನ್ನೂ ಕಂಡು ನನಗೆ ಒಂದು ವಿಷಯ ಸ್ಪಷ್ಟವಾಗಿದೆ. ಮಕ್ಕಳು ಹೆದರುವುದು ವ್ಯಾಕರಣಕ್ಕಲ್ಲ, ವ್ಯಾಕರಣದ ಹೆಸರುಗಳಿಗೆ. ಆ ಹೆಸರುಗಳ ಹಿಂದಿರುವ ಸಂಗತಿಗಳಲ್ಲಿ ಬಹುಪಾಲು ಅವರಿಗೆ ಐದನೆಯ ವಯಸ್ಸಿನಲ್ಲಿಯೇ ಗೊತ್ತಿದ್ದವು. ತಾಯಿಯ ಭಾಷೆಯಲ್ಲಿ ಗೊತ್ತಿದ್ದವು. "ನಮಗೆ ಇಂಗ್ಲಿಷ್ ಬಾರದು ಫಾದರ್, ನಾವು ಹೇಗೆ ಹೇಳಿಕೊಡೋಣ?" ಎಂದು ಕೇಳುವ ಪೋಷಕರಿಗಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ.

ಮೊದಲು 'ಗ್ರಾಮರ್' ಎಂಬ ಪದವನ್ನೇ ನೋಡೋಣ. ಅಕ್ಷರ ಎಂಬ ಅರ್ಥದ ಗ್ರೀಕ್ ಪದದಿಂದ ಅದು ಹುಟ್ಟಿತು. ಮಧ್ಯಯುಗದ ಯೂರೋಪಿನಲ್ಲಿ ಓದುಬರಹ ಬಲ್ಲವರು ಕೆಲವರೇ. ಉಳಿದವರ ಕಣ್ಣಿಗೆ ಗ್ರಂಥ ಓದುವವನು ಮಂತ್ರವಾದಿಯಂತೆ ಕಾಣುತ್ತಿದ್ದ. ಹೀಗಾಗಿ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ಗ್ರಾಮರ್ ಎಂಬ ಪದವೇ ತುಸು ತಿರುಗಿ 'ಗ್ಲ್ಯಾಮರ್' ಆಯಿತು. ಅದರ ಮೊದಲ ಅರ್ಥ ಮೋಡಿ, ಕಣ್ಕಟ್ಟು. ಇಂದು ಚಲನಚಿತ್ರ ತಾರೆಯರಿಗೆ ಬಳಸುವ ಆ ಪದ ವ್ಯಾಕರಣದ ಮಗಳು ಎಂದರೆ ಎಷ್ಟು ಜನ ನಂಬುತ್ತಾರೆ? ನಮ್ಮ ಮನೆಗಳಲ್ಲಿ ಇಂಗ್ಲಿಷಿಗೆ ಇರುವ ಸ್ಥಾನವನ್ನು ನೆನೆದಾಗ ಈ ಕಥೆ ಸಾರ್ಥಕವೆನಿಸುತ್ತದೆ. ಇಂಗ್ಲಿಷಿನಲ್ಲಿ ನಾಲ್ಕು ಮಾತನಾಡುವವರ ಮುಂದೆ ನಾವು ತಲೆತಗ್ಗಿಸಿ ನಿಲ್ಲುತ್ತೇವೆ. ಅದೊಂದು ಮೋಡಿ. ಮೋಡಿ ಬಿಡಿಸುವ ದಾರಿ ಒಂದೇ: ಅದು ಹೇಗೆ ನಡೆಯುತ್ತದೆಂದು ತಿಳಿದುಕೊಳ್ಳುವುದು.

ಇಂಗ್ಲಿಷ್ ವ್ಯಾಕರಣದ ಹೆಸರುಗಳು ಬಹುಮಟ್ಟಿಗೆ ಇಂಗ್ಲಿಷಿನವೇ ಅಲ್ಲ. ಗ್ರೀಕರು ತಮ್ಮ ಭಾಷೆಗೆ ಮಾಡಿಕೊಂಡ ವಿಂಗಡಣೆಯನ್ನು ರೋಮನರು ಲತೀನಿಗೆ ಇಳಿಸಿಕೊಂಡರು; ಲತೀನಿನಿಂದ ಅದು ಇಂಗ್ಲಿಷಿಗೆ ಬಂತು. ನಾಲ್ಕನೆಯ ಶತಮಾನದಲ್ಲಿ ರೋಮ್ ನಗರದಲ್ಲಿ ದೊನಾತುಸ್ ಎಂಬ ವ್ಯಾಕರಣದ ಗುರುವಿದ್ದರು. ಬೈಬಲನ್ನು ಲತೀನಿಗೆ ಅನುವಾದಿಸಿದ ಸಂತ ಜೆರೋಮರು ಅವರ ವಿದ್ಯಾರ್ಥಿ. ದೊನಾತುಸರು ಮಕ್ಕಳಿಗಾಗಿ ಬರೆದ ಕಿರುಪುಸ್ತಕ ಪ್ರಶ್ನೋತ್ತರ ರೂಪದಲ್ಲಿದೆ, ನಾವು ಬಾಲ್ಯದಲ್ಲಿ ಕಲಿತ ಧರ್ಮೋಪದೇಶದ ಹಾಗೆ. ಪದಗಳ ವರ್ಗಗಳು ಎಷ್ಟು? ಎಂಟು. ಅವು ಯಾವುವು? ಹೀಗೆ ಸಾಗುತ್ತದೆ. ಆ ಎಂಟರ ಲೆಕ್ಕಕ್ಕೂ ಒಂದು ಕಥೆಯಿದೆ. ಗ್ರೀಕರ ಪಟ್ಟಿಯಲ್ಲಿ 'ಆರ್ಟಿಕಲ್' ಇತ್ತು. ಲತೀನಿನಲ್ಲಿ ಆರ್ಟಿಕಲ್ ಇಲ್ಲ. ಒಂದು ಕಡಿಮೆಯಾಯಿತಲ್ಲಾ ಎಂದು ರೋಮನರು ಆಹಾ, ಅಯ್ಯೋ ಎಂಬಂಥ ಉದ್ಗಾರಗಳಿಗೆ ಬೇರೆ ಸ್ಥಾನ ಕೊಟ್ಟು ಎಂಟನ್ನು ಉಳಿಸಿಕೊಂಡರು. ಇಂದಿಗೂ ನಮ್ಮ ಮಕ್ಕಳು ಇಂಗ್ಲಿಷಿಗೆ ಎಂಟು 'ಪಾರ್ಟ್ಸ್ ಆಫ್ ಸ್ಪೀಚ್' ಎಂದು ಕಂಠಪಾಠ ಮಾಡುತ್ತಾರೆ. ಈ ಸಂಖ್ಯೆ ಆಕಾಶದಿಂದ ಇಳಿದು ಬಂದುದಲ್ಲ. ಮೇಷ್ಟರುಗಳು ಪಾಠಕ್ಕೆ ಅನುಕೂಲವೆಂದು ಮಾಡಿಕೊಂಡ ಏರ್ಪಾಡು.

ಗುರುಮಠದಲ್ಲಿ ನಾವು ಕಲಿತ ಅಲ್ಪ ಲತೀನಿನಿಂದ ನನಗಾದ ಒಂದು ಪ್ರಯೋಜನವೆಂದರೆ ಈ ಹೆಸರುಗಳ ಅರ್ಥ ತಿಳಿದದ್ದು. ನೌನ್ ಎಂಬುದು ಲತೀನಿನ 'ನೋಮೆನ್' ಎಂಬ ಪದದಿಂದ ಬಂದಿದೆ. ನೋಮೆನ್ ಎಂದರೆ ಹೆಸರು. ನಮ್ಮ 'ನಾಮ' ಮತ್ತು ಲತೀನಿನ 'ನೋಮೆನ್' ಒಂದೇ ಬೇರಿನ ಎರಡು ಚಿಗುರುಗಳು. ನಾಮಪದ ಎಂದು ಕನ್ನಡ ತರಗತಿಯಲ್ಲಿ ಕಲಿತ ಮಗುವಿಗೆ ನೌನ್ ಹೊಸ ವಿಷಯವಲ್ಲ, ಹಳೆಯ ನೆಂಟನ ಇನ್ನೊಂದು ಹೆಸರು. ವರ್ಬ್ ಎಂಬುದು 'ವೆರ್ಬುಮ್' ಎಂಬುದರಿಂದ ಬಂದಿದೆ. ವೆರ್ಬುಮ್ ಎಂದರೆ ಮಾತು. ಯೊವಾನ್ನರ ಶುಭಸಂದೇಶದ ಆರಂಭದಲ್ಲಿ ಬರುವ ದಿವ್ಯವಾಣಿಗೆ ಲತೀನ್ ಬೈಬಲಿನಲ್ಲಿರುವ ಪದವೂ ಅದೇ. ಕ್ರಿಯಾಪದವೇ ನಿಜವಾದ ಮಾತು ಎಂದು ಆ ಹಳೆಯ ಪಂಡಿತರು ಭಾವಿಸಿದಂತಿದೆ. ಟೆನ್ಸ್ ಎಂಬುದು 'ತೆಂಪುಸ್' ಎಂಬುದರಿಂದ, ಅರ್ಥ ಕಾಲ. ನಾವೂ ಕಾಲವೆಂದೇ ಕರೆಯುತ್ತೇವೆ. ಹೀಗೆ ಒಂದೊಂದೇ ಹೆಸರಿನ ಸಿಪ್ಪೆ ಸುಲಿಯುತ್ತಾ ಹೋದರೆ ಒಳಗೆ ಸಿಗುವುದು ನಮಗೆ ಪರಿಚಯವಿರುವ ತಿರುಳೇ.

ಕಾಲಗಳ ವಿಷಯದಲ್ಲಿ ಕನ್ನಡದ ಮಗು ಅದೃಷ್ಟಶಾಲಿ. ಬಂದೆನು, ಬಂದಿದ್ದೇನೆ, ಬಂದಿದ್ದೆನು ಎಂಬ ಮೂರು ರೂಪಗಳನ್ನು ಹಲಗೆಯ ಮೇಲೆ ಬರೆದು ವ್ಯತ್ಯಾಸವೇನೆಂದು ಕೇಳಿದರೆ ಯಾವ ಮಗುವಾದರೂ ಹೇಳುತ್ತದೆ. ಮೊದಲನೆಯದರಲ್ಲಿ ಬರುವುದು ಆಗಿಹೋಯಿತು, ಅಷ್ಟೇ. ಎರಡನೆಯದರಲ್ಲಿ ಬಂದದ್ದು ಮುಗಿದಿದೆ, ಆದರೆ ನಾನು ಇಲ್ಲೇ ಇದ್ದೇನೆ. ಮೂರನೆಯದರಲ್ಲಿ ಬೇರೊಂದು ಸಂಗತಿಗೆ ಮುಂಚೆಯೇ ಬಂದಾಗಿತ್ತು. ಐ ಕೇಮ್, ಐ ಹ್ಯಾವ್ ಕಮ್, ಐ ಹ್ಯಾಡ್ ಕಮ್ ಎಂಬ ಮೂರಕ್ಕೂ ಇವೇ ಅರ್ಥಗಳು. ಇಂಗ್ಲಿಷಿನವರು 'ಹ್ಯಾವ್' ಎಂಬ ಪದವನ್ನು ಸೇರಿಸಿ ಹೇಳುವುದನ್ನು ನಾವು 'ಇರು' ಎಂಬ ಪದವನ್ನು ಸೇರಿಸಿ ಹೇಳುತ್ತೇವೆ. 'ಪರ್ಫೆಕ್ಟ್' ಎಂದರೆ ಇಲ್ಲಿ ದೋಷವಿಲ್ಲದ್ದು ಎಂದಲ್ಲ, ಪೂರ್ಣಗೊಂಡದ್ದು ಎಂದು. ಇಷ್ಟು ಹೇಳಿದರೆ ಅರ್ಧ ಭಯ ಕಳೆಯುತ್ತದೆ.

ಹಾಗೆಂದು ಎರಡೂ ಭಾಷೆಗಳು ಎಲ್ಲೆಡೆ ಹೊಂದುತ್ತವೆ ಎಂದು ಹೇಳಲಾರೆ. 'ನಿನ್ನೆ ಮೈಸೂರಿಗೆ ಹೋಗಿದ್ದೆ' ಎಂದು ನಾವು ಸಹಜವಾಗಿ ಹೇಳುತ್ತೇವೆ. ಅದನ್ನು ಹಾಗೆಯೇ ಇಂಗ್ಲಿಷಿಗೆ ಇಳಿಸಿ 'ಐ ಹ್ಯಾಡ್ ಗಾನ್' ಎಂದರೆ, ಕೇಳುವ ಇಂಗ್ಲಿಷರು 'ಆಮೇಲೆ ಏನಾಯಿತು?' ಎಂದು ಕಾಯುತ್ತಾರೆ. ಅವರ ಭಾಷೆಯಲ್ಲಿ ಆ ರೂಪಕ್ಕೆ ನಂತರದ ಇನ್ನೊಂದು ಘಟನೆ ಜೊತೆಗಿರಬೇಕು. ನಮ್ಮ ಕಡೆಯ ವಿದ್ಯಾವಂತರೂ ಬಳಸುವ ಈ ರೂಪಕ್ಕೆ ಅಜ್ಞಾನ ಕಾರಣವಲ್ಲ; ಕನ್ನಡದ ಒಂದು ಒಳ್ಳೆಯ ರೂಪ ಪಕ್ಕದ ಮನೆಗೆ ಹೋಗಿ ಅಲ್ಲಿಯ ಪದ್ಧತಿ ತಿಳಿಯದೆ ಕುಳಿತಿದೆ. ಎಲ್ಲಿ ಕುಳಿತುಕೊಳ್ಳಬೇಕೆಂದು ತೋರಿಸಿದರೆ ಸಾಕು, ನಗುವ ಅಗತ್ಯವಿಲ್ಲ.

ಕ್ರಿಯಾಪದದ ಕೊನೆಯಲ್ಲಿ ಬರುವ ಪ್ರತ್ಯಯಗಳನ್ನು ಗಮನಿಸಿ. ಹೋಗುತ್ತೇನೆ, ಹೋಗುತ್ತೇವೆ, ಹೋಗುತ್ತೀಯೆ, ಹೋಗುತ್ತೀರಿ, ಹೋಗುತ್ತಾನೆ, ಹೋಗುತ್ತಾಳೆ, ಹೋಗುತ್ತಾರೆ, ಹೋಗುತ್ತದೆ, ಹೋಗುತ್ತವೆ. ಒಂಬತ್ತು ರೂಪಗಳು. ಶಾಲೆಗೆ ಸೇರುವ ಮೊದಲೇ ನಮ್ಮ ಮಕ್ಕಳು ಇವುಗಳನ್ನು ತಪ್ಪಿಲ್ಲದೆ ಬಳಸುತ್ತಾರೆ. ಇದೇ ಜಾಗದಲ್ಲಿ ಇಂಗ್ಲಿಷ್ ಕೇಳುವುದು ಎರಡೇ ರೂಪ: 'ಗೋ' ಮತ್ತು 'ಗೋಸ್'. ಆ ಒಂದು 'ಸ್' ಬಿಟ್ಟುಹೋಯಿತೆಂದು ಪ್ರತಿವರ್ಷ ಎಷ್ಟು ಮಕ್ಕಳ ಪುಸ್ತಕಗಳಲ್ಲಿ ಕೆಂಪುಗೆರೆ ಬೀಳುತ್ತದೆ! "ಒಂಬತ್ತನ್ನು ನಿಭಾಯಿಸುವ ನೀನು ಎರಡಕ್ಕೆ ಹೆದರುವೆಯಾ?" ಎಂದು ನಾನು ಕೇಳಿದಾಗ ಮಕ್ಕಳ ಮುಖ ಅರಳುವುದನ್ನು ಎಷ್ಟೋ ಸಲ ನೋಡಿದ್ದೇನೆ.

ವಿಭಕ್ತಿಗಳ ಮಾತೂ ಹಾಗೆಯೇ. 'ರೈತನು ಹಾವನ್ನು ಕೊಂದನು' ಎನ್ನಬಹುದು, 'ಹಾವನ್ನು ರೈತನು ಕೊಂದನು' ಎಂದೂ ಹೇಳಬಹುದು. 'ಅನ್ನು' ಎಂಬ ಪ್ರತ್ಯಯ ಜೊತೆಗಿರುವುದರಿಂದ ಸತ್ತದ್ದು ಹಾವೇ. ಇಂಗ್ಲಿಷ್ ಹಿಂದೆಂದೋ ಇಂಥ ಪ್ರತ್ಯಯಗಳನ್ನು ಬಹುತೇಕ ಕಳೆದುಕೊಂಡಿತು. ಆದ್ದರಿಂದ ಅಲ್ಲಿ ಪ್ರತ್ಯಯದ ಕೆಲಸವನ್ನು ಸ್ಥಾನವೇ ಮಾಡುತ್ತದೆ: ಮೊದಲು ಬಂದವನು ಕೊಂದವನು, ಕ್ರಿಯಾಪದದ ನಂತರ ಬಂದದ್ದು ಸತ್ತದ್ದು. ಪದಗಳನ್ನು ಅದಲುಬದಲು ಮಾಡಿದರೆ ರೈತನೇ ಸಾಯುತ್ತಾನೆ! ಸಬ್ಜೆಕ್ಟ್, ಆಬ್ಜೆಕ್ಟ್ ಎಂದು ಅವರು ಹೇಳುವುದು ನಮ್ಮ ಕರ್ತೃ, ಕರ್ಮಗಳನ್ನೇ. ಪ್ರೆಪೊಸಿಷನ್ ಎಂಬ ಹೆಸರಿಗೂ 'ಮುಂದೆ ಇಟ್ಟದ್ದು' ಎಂಬುದೇ ಅರ್ಥ. ನಾವು 'ಮೇಜಿನ ಮೇಲೆ' ಎಂದು ಹಿಂದೆ ಇಡುವುದನ್ನು ಅವರು 'ಆನ್ ದ ಟೇಬಲ್' ಎಂದು ಮುಂದೆ ಇಡುತ್ತಾರೆ. ಹೆಸರಿನಲ್ಲಿಯೇ ನಿಯಮವಿದೆ; ಹೆಸರಿನ ಅರ್ಥ ಹೇಳದೆ ನಿಯಮವನ್ನು ಮಾತ್ರ ಹೇಳಿದರೆ ಮಗು ಎರಡನ್ನೂ ಮರೆಯುತ್ತದೆ.

ಇನ್ನು 'ಎ' ಮತ್ತು 'ದ' ಎಂಬ ಆರ್ಟಿಕಲ್‌ಗಳು. ಕನ್ನಡದಲ್ಲಿ ಇವು ಇಲ್ಲವೆಂದು ಪುಸ್ತಕಗಳು ಹೇಳುತ್ತವೆ. ಆದರೆ ನಮ್ಮ ಅಜ್ಜಿಯರು ಇವುಗಳ ಮರ್ಮವನ್ನು ಬಲ್ಲರು. ಒಂದೂರಿನಲ್ಲಿ ಒಬ್ಬ ರಾಜನಿದ್ದ ಎಂದು ಅಜ್ಜಿ ಕಥೆ ಶುರುಮಾಡುತ್ತಾಳೆ. ಮುಂದಿನ ವಾಕ್ಯದಲ್ಲಿ 'ಆ ರಾಜನಿಗೆ' ಎನ್ನುತ್ತಾಳೆ. ಮೊದಲ ಬಾರಿ ಕೇಳುವವರಿಗೆ ರಾಜ ಅಪರಿಚಿತ, ಆದ್ದರಿಂದ 'ಒಬ್ಬ'. ಎರಡನೆಯ ಬಾರಿ ಪರಿಚಿತ, ಆದ್ದರಿಂದ 'ಆ'. ಆರ್ಟಿಕಲ್‌ನ ಮೊದಲ ಪಾಠ ಇಷ್ಟೇ. ಕಥೆ ಕೇಳಿ ಬೆಳೆದ ಮಗುವಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ, ನೆನಪಿಸಿದರೆ ಸಾಕು.

ಇವೆಲ್ಲ ಪಂಡಿತರ ಚರ್ಚೆಯಂತೆ ಕಾಣಬಹುದು. ಆದರೆ ಎಷ್ಟೋ ಮಕ್ಕಳ ಬದುಕಿನ ದಾರಿ ಇಲ್ಲಿಯೇ ಕವಲೊಡೆಯುತ್ತದೆ. ಕೆಲವು ವರ್ಷಗಳ ಹಿಂದೆ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಉಳಿದೆಲ್ಲ ವಿಷಯಗಳಲ್ಲಿ ಉತ್ತೀರ್ಣಳಾಗಿ ಇಂಗ್ಲಿಷಿನಲ್ಲಿ ಮಾತ್ರ ಅನುತ್ತೀರ್ಣಳಾದಳು. ತಂದೆ ಗಾರೆ ಕೆಲಸದವರು. ಪೂರಕ ಪರೀಕ್ಷೆಗೆ ಕೆಲವೇ ವಾರಗಳಿದ್ದವು. ಅದರಲ್ಲಿಯೂ ಆಗದಿದ್ದರೆ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಕೆಲಸದಲ್ಲಿ ಅಗೌರವವೇನೂ ಇಲ್ಲ; ಆದರೆ ಹುಡುಗಿಗೆ ಓದುವ ಆಸೆಯಿತ್ತು. ಅವಳ ನೋಟುಪುಸ್ತಕದಲ್ಲಿ ಆ್ಯಕ್ಟಿವ್ ವಾಕ್ಯಗಳನ್ನು ಪ್ಯಾಸಿವ್ ಮಾಡುವ ಅಭ್ಯಾಸ ಪುಟಗಟ್ಟಲೆ ಇತ್ತು. ನಿಯಮವನ್ನು ಇಂಗ್ಲಿಷಿನಲ್ಲಿಯೇ ಒಂದಕ್ಷರ ತಪ್ಪದೆ ಒಪ್ಪಿಸಿದಳು. ಅದು ಏನೆಂದು ಕೇಳಿದರೆ ಸುಮ್ಮನಾದಳು.

"ಮನೆಯಲ್ಲಿ ಲೋಟ ಬಿದ್ದು ಒಡೆದರೆ ಅಮ್ಮನಿಗೆ ಏನೆಂದು ಹೇಳುತ್ತೀಯೆ?" ಎಂದು ಕೇಳಿದೆ.

"ಲೋಟ ಒಡೆದುಹೋಯಿತು ಅನ್ನುತ್ತೇನೆ."

"ಒಡೆದವರು ಯಾರು?"

ಹುಡುಗಿ ನಕ್ಕಳು. "ಅದನ್ನು ಹೇಳುವುದಿಲ್ಲ, ಫಾದರ್."

ಅಲ್ಲಿಂದ ಪಾಠ ಸುಗಮವಾಯಿತು. ಕನ್ನಡ ಮಾತಿನಲ್ಲಿ ಕರ್ಮಣಿ ಪ್ರಯೋಗ ಅಪರೂಪ. ಮಾಡಿದವನನ್ನು ಮರೆಮಾಡಲು ನಮಗೆ 'ಒಡೆದುಹೋಯಿತು', 'ಕಳೆದುಹೋಯಿತು' ಎಂಬ ಬೇರೆ ಉಪಾಯಗಳಿವೆ. ಇಂಗ್ಲಿಷಿನವರು ಆ ಕೆಲಸಕ್ಕೆ ಹೆಚ್ಚಾಗಿ ಪ್ಯಾಸಿವ್ ವಾಯ್ಸನ್ನು ಬಳಸುತ್ತಾರೆ ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಮಾಡಿದವರನ್ನು ಹಿಂದಕ್ಕೆ ಕಳಿಸಿ, ಆದದ್ದನ್ನು ಮುಂದಕ್ಕೆ ತರುವುದು ಪ್ಯಾಸಿವ್, ಅಲ್ಲವೇ?" ಎಂದಳು. ಅವಳ ಗೈಡಿನಲ್ಲಿದ್ದ ವ್ಯಾಖ್ಯೆಗಿಂತ ಇದು ಉತ್ತಮವಾಗಿತ್ತು. ಪೂರಕ ಪರೀಕ್ಷೆಯಲ್ಲಿ ತೇರ್ಗಡೆಗೆ ಬೇಕಾದುದಕ್ಕಿಂತ ಆರೇಳು ಅಂಕ ಹೆಚ್ಚು ಬಂದವು. ಆ ವರ್ಷವೇ ಪಿಯುಸಿಗೆ ಸೇರಿದಳು. ಬುದ್ಧಿ ಅವಳಲ್ಲಿ ಮೊದಲೇ ಇತ್ತು. ಅರ್ಥ ತಿಳಿಯದ ಒಂದು ಹೆಸರು ಬಾಗಿಲಿಗೆ ಅಡ್ಡವಾಗಿ ನಿಂತಿತ್ತು.

ಪ್ಯಾಸಿವ್ ಎಂಬ ಪದ ನನ್ನಂಥವನಿಗೆ ಇನ್ನೊಂದು ಕಾರಣದಿಂದಲೂ ಪ್ರಿಯ. ಅದು ಅನುಭವಿಸು, ಸಹಿಸು ಎಂಬ ಅರ್ಥದ ಲತೀನ್ ಧಾತುವಿನಿಂದ ಬಂದದ್ದು. ಯೇಸುಸ್ವಾಮಿಯ ಯಾತನೆಯನ್ನು ಇಂಗ್ಲಿಷಿನಲ್ಲಿ ಪ್ಯಾಶನ್ ಎನ್ನುವುದೂ ಅದೇ ಧಾತುವಿನಿಂದ. ಕನ್ನಡದ ಕರ್ಮಣಿ ಪ್ರಯೋಗವನ್ನು ನೋಡಿ: ಬಂಧಿಸಲ್ಪಟ್ಟನು, ಹೊಡೆಯಲ್ಪಟ್ಟನು. ಅದರ ಕೊನೆಯಲ್ಲಿರುವುದು 'ಪಡು' ಎಂಬ ಧಾತು. ಕಷ್ಟಪಡು, ದುಃಖಪಡು ಎನ್ನುವಾಗ ಬರುವ ಅದೇ ಪಡು. ನಮ್ಮ ಹಿರಿಯರು ಸ್ವಾಮಿಯ ಯಾತನೆಯನ್ನು 'ಪಾಡು' ಎಂದು ಕರೆಯುವುದನ್ನು ನೀವು ಕೇಳಿದ್ದೀರಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಭಾಷೆಗಳು, ತಾನು ಮಾಡದೆ ಇತರರು ಮಾಡಿದ್ದನ್ನು ಹೊರುವ ಸ್ಥಿತಿಗೆ ಒಂದೇ ಬಗೆಯ ಹೆಸರನ್ನು ಹುಡುಕಿಕೊಂಡಿವೆ. ವ್ಯಾಕರಣದ ಪುಸ್ತಕದಲ್ಲಿ ಇಂಥದ್ದು ಎದುರಾದಾಗ ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿ ಕುಳಿತುಕೊಳ್ಳಬೇಕೆನಿಸುತ್ತದೆ.

ಹೆಸರುಗಳು ನೇರವಾಗಿ ಹೊಂದದೆ ದಾರಿ ತಪ್ಪಿಸುವ ಸ್ಥಳಗಳೂ ಇವೆ. ಅವುಗಳಲ್ಲಿ ಮುಖ್ಯವಾದದ್ದು 'ಪರ್ಸನ್'. ಇಂಗ್ಲಿಷಿನಲ್ಲಿ 'ಫಸ್ಟ್ ಪರ್ಸನ್' ಎಂದರೆ ನಾನು. ಮಗು ಅದನ್ನು 'ಪ್ರಥಮ ಪುರುಷ' ಎಂದು ಅನುವಾದಿಸಿಕೊಂಡರೆ ಎಲ್ಲವೂ ತಲೆಕೆಳಗಾಗುತ್ತದೆ. ಏಕೆಂದರೆ ಸಂಸ್ಕೃತದ ವೈಯಾಕರಣರನ್ನು ಅನುಸರಿಸುವ ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷ ಎಂದರೆ ಅವನು, ಅವಳು, ಅದು. ನೀನು ಮಧ್ಯಮ ಪುರುಷ. ನಾನು ಉತ್ತಮ ಪುರುಷ. ಇಲ್ಲಿ 'ಉತ್ತಮ' ಎಂಬುದು ಹೆಗ್ಗಳಿಕೆಯ ಮಾತಲ್ಲ. ಕೊನೆಯದು ಎಂಬ ಅರ್ಥವೂ ಆ ಪದಕ್ಕಿದೆ. ಗ್ರೀಕರು ಮತ್ತು ರೋಮನರು ಮಾತನಾಡುವವನಿಂದ ಎಣಿಕೆ ಆರಂಭಿಸಿದರು. ನಮ್ಮವರು ದೂರದಲ್ಲಿರುವ ಮೂರನೆಯವನಿಂದ ಆರಂಭಿಸಿ ಕೊನೆಗೆ ತಮ್ಮ ಕಡೆಗೆ ಬಂದರು. ಎರಡೂ ಎಣಿಕೆಯ ಕ್ರಮಗಳೇ, ಒಂದು ಸರಿ ಇನ್ನೊಂದು ತಪ್ಪು ಎಂದಲ್ಲ. ಆದರೂ ಕೋಣೆಯಲ್ಲಿ ಇಲ್ಲದವನನ್ನು ಮೊದಲು ಎಣಿಸುವ ಈ ಕ್ರಮ ನನಗೆ ಹಿಡಿಸುತ್ತದೆ.

ಇದಕ್ಕೇ ಸೇರಿದ ಇನ್ನೊಂದು ಮಾತು. ನಮಗೆ ನೀನು, ನೀವು ಎಂಬ ಎರಡಿವೆ. ಇಂಗ್ಲಿಷಿಗೆ ಈಗ 'ಯೂ' ಒಂದೇ. ಹಿಂದೆ ಅಲ್ಲಿಯೂ 'ದೌ' ಎಂಬ ಏಕವಚನವಿತ್ತು. ಅದು ನಮ್ಮ 'ನೀನು' ಎಂಬಂತೆ ಆಪ್ತರಿಗೂ ಕಿರಿಯರಿಗೂ ಬಳಸುವ ಪದ. ಹಳೆಯ ಪ್ರಾರ್ಥನೆಗಳಲ್ಲಿ ದೇವರನ್ನು ಹಾಗೆ ಕರೆದಿರುವುದನ್ನು ಕಂಡು ಇಂದಿನವರು ಅದು ಭಾರಿ ಗೌರವಸೂಚಕವೆಂದು ಭಾವಿಸುತ್ತಾರೆ. ವಾಸ್ತವವಾಗಿ ಅದು ಮಗು ತಂದೆಯನ್ನು ಸಲಿಗೆಯಿಂದ ಕರೆದಂತೆ.

ಸಾಹಿತ್ಯದ ಪರಿಭಾಷೆಗೆ ಬಂದರೆ ನಾವು ಇನ್ನೂ ಶ್ರೀಮಂತರು. ಸಿಮಿಲಿ ಎಂದರೆ ಉಪಮೆ. ಮೆಟಫರ್ ಎಂದರೆ ರೂಪಕ. ಅಲಿಟರೇಷನ್ ಎಂದರೆ ಅನುಪ್ರಾಸ. ಪನ್ ಎಂದರೆ ಶ್ಲೇಷೆ. ಹೈಪರ್‌ಬೊಲಿ ಎಂದರೆ ಅತಿಶಯೋಕ್ತಿ. ಉತ್ಪ್ರೇಕ್ಷೆ ಎಂಬುದನ್ನು ಆಡುಮಾತಿನಲ್ಲಿ ಆ ಅರ್ಥಕ್ಕೆ ಬಳಸುತ್ತೇವಾದರೂ ಅಲಂಕಾರಶಾಸ್ತ್ರದಲ್ಲಿ ಅದು ಬೇರೆಯೇ ಅಲಂಕಾರ, ಒಂದನ್ನು ಇನ್ನೊಂದೆಂದು ಕಲ್ಪಿಸುವುದು. 'ಅವಳ ಮುಖ ತಾವರೆಯಂತೆ ಅರಳಿತು' ಎಂಬ ಒಂದು ವಾಕ್ಯದಲ್ಲಿ ನಮ್ಮ ಹಿಂದಿನವರು ನಾಲ್ಕು ಅಂಗಗಳನ್ನು ಗುರುತಿಸಿದರು: ಮುಖ ಉಪಮೇಯ, ತಾವರೆ ಉಪಮಾನ, 'ಅಂತೆ' ಉಪಮಾವಾಚಕ, ಅರಳುವುದು ಸಮಾನಧರ್ಮ. ಇಂಗ್ಲಿಷ್ ವಿಮರ್ಶೆಯಲ್ಲಿ ಉಪಮೇಯ ಮತ್ತು ಉಪಮಾನಗಳಿಗೆ 'ಟೆನರ್' ಮತ್ತು 'ವೆಹಿಕಲ್' ಎಂಬ ಹೆಸರುಗಳನ್ನು ಕೊಟ್ಟವರು ಐ. ಎ. ರಿಚರ್ಡ್ಸ್, 1936ರಲ್ಲಿ. ಅದಕ್ಕೂ ಸಾವಿರ ವರ್ಷಗಳಿಗಿಂತ ಹಿಂದೆ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಕನ್ನಡದಲ್ಲಿಯೇ ಅಲಂಕಾರಗಳನ್ನು ಚರ್ಚಿಸಿದೆ. ಹೆಮ್ಮೆಪಟ್ಟು ಕೈಕಟ್ಟಿ ಕೂರಲೆಂದು ಇದನ್ನು ಹೇಳುತ್ತಿಲ್ಲ. ಪರೀಕ್ಷೆಯಲ್ಲಿ 'ಫಿಗರ್ ಆಫ್ ಸ್ಪೀಚ್' ಗುರುತಿಸಲು ಹೇಳಿದಾಗ ಮಗು ಬರಿಗೈಯಲ್ಲಿ ನಿಂತಿಲ್ಲ ಎಂಬುದನ್ನು ನೆನಪಿಸಲು ಹೇಳುತ್ತಿದ್ದೇನೆ.

ಈ ಪರಿಭಾಷೆ ಓದನ್ನು ಹೇಗೆ ಬೆಳಗಿಸುತ್ತದೆ ಎಂಬುದಕ್ಕೆ ಒಂದು ನಿದರ್ಶನ ಕೊಡುತ್ತೇನೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ಲೌತ್ ಎಂಬ ಆಂಗ್ಲಿಕನ್ ವಿದ್ವಾಂಸರಿದ್ದರು. 1777ರಲ್ಲಿ ಲಂಡನ್ನಿನ ಧರ್ಮಾಧ್ಯಕ್ಷರಾದರು. 1762ರಲ್ಲಿ ಅವರು ಪ್ರಕಟಿಸಿದ ಇಂಗ್ಲಿಷ್ ವ್ಯಾಕರಣ ಬಹುಕಾಲ ಶಾಲೆಗಳ ಮೇಲೆ ಪ್ರಭಾವ ಬೀರಿತು. ಅದಕ್ಕೂ ಮುಂಚೆ, 1753ರಲ್ಲಿ, ಹೀಬ್ರೂ ಕಾವ್ಯದ ಕುರಿತ ಅವರ ಉಪನ್ಯಾಸಗಳು ಅಚ್ಚಾಗಿದ್ದವು. ಕೀರ್ತನೆಗಳಲ್ಲಿ ಪ್ರಾಸವಿಲ್ಲದಿದ್ದರೂ ಅವು ಕಾವ್ಯವೆನಿಸುವುದು ಏಕೆ ಎಂಬ ಪ್ರಶ್ನೆಗೆ ಅವರು 'ಪ್ಯಾರಲಲಿಸಂ', ಅಂದರೆ ಸಮಾಂತರತೆ, ಎಂಬ ಹೆಸರಿನಲ್ಲಿ ಉತ್ತರ ಕೊಟ್ಟರು. ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತಿನಲ್ಲಿ ಮತ್ತೆ ಹೇಳುತ್ತದೆ, ಇಲ್ಲವೇ ಅದಕ್ಕೆ ವಿರುದ್ಧವಾದುದನ್ನು ಹೇಳುತ್ತದೆ, ಇಲ್ಲವೇ ಅದನ್ನು ಮುಂದುವರಿಸುತ್ತದೆ. ಅಲ್ಲಿ ಪ್ರಾಸ ಹೊಂದುವುದು ಶಬ್ದಗಳಲ್ಲಿ ಅಲ್ಲ, ಅರ್ಥಗಳಲ್ಲಿ. ಇದು ತಿಳಿದ ಮೇಲೆ ಕೀರ್ತನೆಗಳನ್ನು ಎರಡು ಗುಂಪುಗಳಾಗಿ ಒಂದೊಂದು ಸಾಲು ಹೇಳುವ ನಮ್ಮ ಪದ್ಧತಿಗೂ ಹೊಸ ಅರ್ಥ ಬರುತ್ತದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂಬ ನಮ್ಮ ಗಾದೆಯೂ ಇದೇ ಜಾಡಿನದು. ಗಾದೆ ಹೇಳುವ ಪ್ರತಿಯೊಬ್ಬ ತಾಯಿಯೂ ತನಗರಿವಿಲ್ಲದೆಯೇ ಪ್ಯಾರಲಲಿಸಂ ಕಲಿಸುತ್ತಿದ್ದಾಳೆ.

ಇನ್ನೊಂದು ಉದಾಹರಣೆ ನಮ್ಮ ಗಾಯನವೃಂದಗಳಿಗೆ ಚಿರಪರಿಚಿತ. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಯುವ ಆಂಗ್ಲಿಕನ್ ಗುರು, ಕಾಯಿಲೆಯಿಂದ ಚೇತರಿಸಿಕೊಂಡು ಹಡಗಿನಲ್ಲಿ ಊರಿಗೆ ಮರಳುವಾಗ ಬೆಳಕನ್ನು ಕುರಿತು ಒಂದು ಪ್ರಾರ್ಥನೆ ಬರೆದರು. ಮುಂದೆ 1845ರಲ್ಲಿ ಅವರು ಕಥೋಲಿಕರಾದರು. 2019ರಲ್ಲಿ ಸಂತ ಪದವಿಗೇರಿದರು. 1920ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಸಂಕಲನದ ಮೂಲಕ ಅದನ್ನು ಕನ್ನಡದ್ದಾಗಿಸಿದರು. ಜಾತಿಮತಗಳ ಎಲ್ಲೆ ಮೀರಿ ನಾಡಿನ ಶಾಲೆಗಳಲ್ಲಿ ಮಕ್ಕಳು ಅದನ್ನು ಹಾಡಿದ್ದಾರೆ. ಅಲ್ಲಿ ಬೆಳಕು ಎಂದರೆ ದೀಪವಲ್ಲ, ಆದ್ದರಿಂದ ಅದು ಮೆಟಫರ್. ಎದುರಿಗೆ ಕಾಣದ ಆ ಬೆಳಕನ್ನು ಕವಿ ನೇರವಾಗಿ ಕರೆದು ಮಾತನಾಡುತ್ತಾನೆ. ಇಂಥ ಕರೆಯನ್ನು ಇಂಗ್ಲಿಷಿನಲ್ಲಿ 'ಅಪಾಸ್ಟ್ರಫಿ' ಎನ್ನುತ್ತಾರೆ, ನಾವು ಸಂಬೋಧನೆ ಎನ್ನಬಹುದು. ಹಾಡನ್ನು ಬಾಯಿಪಾಠ ಹಾಡಬಲ್ಲ ಹುಡುಗನಿಗೆ ಇದನ್ನು ವಿವರಿಸಿದಾಗ ಅವನು ಹೇಳಿದ್ದು ನೆನಪಿದೆ: "ಇದು ನನಗೆ ಮೊದಲೇ ಗೊತ್ತಿತ್ತು ಫಾದರ್, ಹೆಸರು ಗೊತ್ತಿರಲಿಲ್ಲ."

ಪರಭಾಷೆಯ ಜನರು ನಮ್ಮ ಭಾಷೆಗಳನ್ನು ಕಲಿತದ್ದೂ ಹೀಗೆಯೇ. ಇಂಗ್ಲೆಂಡಿನಲ್ಲಿ ಹುಟ್ಟಿ ಗೋವೆಗೆ ಬಂದ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್ ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಬಾಸೆಲ್ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್ ಅವರು ಕೇಶಿರಾಜನ 'ಶಬ್ದಮಣಿದರ್ಪಣ'ವನ್ನು 1872ರಲ್ಲಿ ಸಂಪಾದಿಸಿ, 1894ರಲ್ಲಿ ನಿಘಂಟನ್ನು ಕೊಟ್ಟು, ನಂತರ 1903ರಲ್ಲಿ ಇಂಗ್ಲಿಷಿನಲ್ಲಿ ಕನ್ನಡ ವ್ಯಾಕರಣ ಬರೆದರು. ತಮ್ಮ ಲತೀನ್ ಅಚ್ಚಿನಲ್ಲಿ ಕನ್ನಡವನ್ನು ಒತ್ತಿ ಕೂರಿಸದೆ, ಮೊದಲು ನಮ್ಮ ವೈಯಾಕರಣ ಇಟ್ಟ ಹೆಸರುಗಳನ್ನು ಕಲಿತರು. ಅವರು ನಮ್ಮ ಹೆಸರುಗಳ ಮೂಲಕ ನಮ್ಮ ಭಾಷೆಗೆ ಪ್ರವೇಶಿಸಿದರೆ, ನಮ್ಮ ಮಕ್ಕಳು ನಮ್ಮ ಹೆಸರುಗಳನ್ನು ಕೈಯಲ್ಲಿ ಹಿಡಿದೇ ಅವರ ಭಾಷೆಗೆ ಏಕೆ ಹೋಗಬಾರದು?

ತಂದೆತಾಯಿಯರಲ್ಲಿ ನನ್ನ ವಿನಂತಿ ಇಷ್ಟೇ. ಮಗು ಇಂಗ್ಲಿಷ್ ವ್ಯಾಕರಣ ಓದುತ್ತಿರುವಾಗ ಪಕ್ಕದಲ್ಲಿ ಕುಳಿತುಕೊಳ್ಳಿ. "ಇದಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ? ನಮ್ಮ ಮಾತಿನಲ್ಲಿ ಒಂದು ಉದಾಹರಣೆ ಹೇಳು" ಎಂದು ಕೇಳಿ. ಈ ಎರಡು ಪ್ರಶ್ನೆ ಕೇಳಲು ಇಂಗ್ಲಿಷ್ ಬರಬೇಕಾಗಿಲ್ಲ. ಉತ್ತರ ಸರಿಯೇ ಎಂದು ನಿಮಗೆ ಗೊತ್ತಾಗದಿದ್ದರೂ ಚಿಂತೆಯಿಲ್ಲ. ನಿಮಗೆ ಅರ್ಥವಾಗುವಂತೆ ಹೇಳಲು ಪ್ರಯತ್ನಿಸುವಾಗಲೇ ಮಗುವಿಗೆ ಅರ್ಥವಾಗುತ್ತದೆ. ಕನ್ನಡ ವ್ಯಾಕರಣದ ಪಾಠವನ್ನು 'ಅಂಕಕ್ಕಷ್ಟೇ' ಎಂದು ತಳ್ಳಿಹಾಕಬೇಡಿ. ಇಂಗ್ಲಿಷಿನ ಬೀಗದಕೈ ಅಲ್ಲಿದೆ. ಮನೆಯಲ್ಲಿ ಕೊಂಕಣಿ, ತುಳು, ತಮಿಳು ಅಥವಾ ತೆಲುಗು ಮಾತನಾಡುವವರೂ ಇದನ್ನೇ ಮಾಡಬಹುದು. ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಿದವರಿಗೂ ಈ ಮಾತು ಅನ್ವಯಿಸುತ್ತದೆ; ಮನೆಮಾತನ್ನು ಬಾಗಿಲಾಚೆ ಬಿಟ್ಟು ಬರುವ ಮಗು ತನಗೆ ಗೊತ್ತಿರುವುದರಲ್ಲಿ ಅರ್ಧವನ್ನು ಹೊರಗೇ ಬಿಟ್ಟು ಬರುತ್ತದೆ.

ಮಗು ತಪ್ಪು ಮಾತನಾಡಿದರೆ ನಗಬೇಡಿ, ಇತರರ ಮುಂದೆ ತಿದ್ದಬೇಡಿ. ನಗುವಿಗೆ ಹೆದರಿದ ಮಗು ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದ ಮೇಲೆ ಯಾವ ವ್ಯಾಕರಣವೂ ಉಪಯೋಗಕ್ಕೆ ಬಾರದು. ಭಾಷೆ ನಮಗೆ ದೊರೆತಿರುವುದು ಒಬ್ಬರನ್ನೊಬ್ಬರು ತಲುಪಲು. ನಮ್ಮ ಮಕ್ಕಳು ಎರಡು ಭಾಷೆಗಳಲ್ಲಿ ತಲೆಯೆತ್ತಿ ಮಾತನಾಡುವಂತಾಗಲಿ.